ಬಾಗಿಲಿಗೆ ತೂಗುಹಾಕಿದ ಆ ಮರದ ಫಲಕ ಉಡುಗೊರೆಯಲ್ಲ

ಪ್ರಶ್ನೆ: ಮೇಡಂ, ನಾವು ದಾವಣಗೆರೆ ಕಡೆಯವರು. ಮದುವೆಯಾಗಿ ಎರಡು ವರ್ಷ. ಇವರು ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಜೂನ್‌ನಲ್ಲಿ ಬೆಂಗಳೂರಿನಿಂದ ಜರ್ಮನಿಗೆ ಕಳಿಸಿದರು. ಸ್ಟಟ್‌ಗಾರ್ಟ್ ಪಕ್ಕದ ಒಂದು ಸಣ್ಣ ಊರಿನಲ್ಲಿ, ಮೂರನೇ ಮಹಡಿಯಲ್ಲಿ ಮನೆ. ಬಂದ ವಾರವೇ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೆ ಹೊಗೆ ಅಲಾರಂ ಕೂಗಿಕೊಂಡಿತು. ಇವರು ಕುರ್ಚಿ ಹತ್ತಿ ಟವೆಲ್ ಬೀಸಿದರು, ನಾನು ಮನೆ ಬಾಗಿಲು ತೆಗೆದು ಹೊಗೆಯನ್ನು ಮೆಟ್ಟಿಲ ಕಡೆ ಓಡಿಸಿದೆ. ಆಮೇಲೊಂದು ಭಾನುವಾರ ದೇವರ ಮಂಟಪಕ್ಕೆ ಗೋಡೆ ಕೊರೆದೆವು. ಸಂಜೆ ಬಾಗಿಲಿಗೆ ಒಂದು ಚೀಟಿ: ‘ಪ್ರೀತಿಯ ನೆರೆಯವರೇ, ಭಾನುವಾರ ವಿಶ್ರಾಂತಿಯ ದಿನ.’ ನಮ್ಮ ಹಸಿ ಕಸದ ಡಬ್ಬಿಯನ್ನು ಒಯ್ಯದೆ, ಅದಕ್ಕೊಂದು ಕೆಂಪು ಚೀಟಿ ಅಂಟಿಸಿ ಹೋದರು. ಟೀವಿ ಇಲ್ಲದಿದ್ದರೂ ಟೀವಿ ಫೀ ಕಟ್ಟಿ ಅಂತ ಪತ್ರ ಬಂತು. ನಡುವೆ ಒಂದೇ ಒಂದು ಒಳ್ಳೆಯ ವಿಷಯ: ಯಾರೋ ನಮ್ಮ ಬಾಗಿಲಿಗೆ ಚೆಂದದ ಮರದ ಫಲಕ ತೂಗುಹಾಕಿದ್ದರು. ಸ್ವಾಗತದ ಉಡುಗೊರೆ ಅಂದುಕೊಂಡು ಒಳಗೆ ತಂದು ದೇವರ ಮಂಟಪದ ಪಕ್ಕ ಹಾಕಿದೆವು. ಶುಕ್ರವಾರ ಅದಕ್ಕೂ ಅರಿಶಿನ ಕುಂಕುಮ ಇಟ್ಟೆ. ಎರಡು ವಾರದ ಮೇಲೆ ಇನ್ನೊಂದು ಚೀಟಿ ಬಂತು. ಅದರಲ್ಲಿ ಒಂದೇ ಪದ, ‘ಶಿಲ್ಡ್?’ ಅಂತ. ‘ನಮಗೆ ಶೀಲ್ಡ್ ಕೊಡ್ತಾರಂತೆ’ ಅಂತ ಇವರು ನಗುತ್ತಾರೆ. ನನಗೆ ನಗು ಬರುತ್ತಿಲ್ಲ. ಈಗ ಬಾಗಿಲ ಕಿಂಡಿಯಲ್ಲಿ ನೋಡಿ, ಮೆಟ್ಟಿಲ ಮೇಲೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಹೊರಗೆ ಹೋಗುತ್ತೇನೆ. ಈ ನೆರೆಯವರಿಗೆ ನಾವು ಬೇಡವಾಗಿದ್ದೇವಾ? ಓನರ್ ಮನೆ ಖಾಲಿ ಮಾಡಿಸುತ್ತಾರಾ? ನಮ್ಮವರು ಜಾಸ್ತಿ ಇರುವ ಕಡೆ ಮನೆ ಹುಡುಕೋಣ ಅಂತಾರೆ ಇವರು. ಏನು ಮಾಡಲಿ?

ಉತ್ತರ: ಮೊದಲು ಆ ಫಲಕದ ವಿಷಯ ಹೇಳಿಬಿಡುತ್ತೇನೆ. ಅದು ಉಡುಗೊರೆಯಲ್ಲ, ಕಸ ಗುಡಿಸುವ ಸರದಿಯ ಫಲಕ.

ನೀವಿರುವುದು ಶ್ವಾಬಿಯಾ ಸೀಮೆ. ಅಲ್ಲಿ ‘ಕೇರ್‌ವೋಖೆ’ ಅನ್ನುವ ಪದ್ಧತಿಯಿದೆ. ಹಾಗೆಂದರೆ ಗುಡಿಸುವ ವಾರ. ಕಟ್ಟಡದ ಮೆಟ್ಟಿಲನ್ನು ಮನೆಮನೆಯವರೇ ಸರದಿಯ ಮೇಲೆ ಗುಡಿಸಿ ಒರೆಸಬೇಕು. ಈ ವಾರ ಯಾರ ಸರದಿಯೋ ಅವರ ಬಾಗಿಲಿಗೆ ಫಲಕ ಬಂದು ಕೂರುತ್ತದೆ. ಕೆಲಸ ಮುಗಿಸಿ ನೀವು ಅದನ್ನು ಮುಂದಿನ ಮನೆಯ ಬಾಗಿಲಿಗೆ ತೂಗುಹಾಕಬೇಕು. ನೀವು ಒಳಗೆ ತಂದು ಪೂಜೆ ಮಾಡಿದ್ದೀರಿ. ಅಂದರೆ ಎರಡು ವಾರದಿಂದ ಇಡೀ ಕಟ್ಟಡದ ಸರದಿ ನಿಮ್ಮ ದೇವರ ಪಕ್ಕ ನೇತಾಡುತ್ತಿದೆ! ಜರ್ಮನ್‌ನಲ್ಲಿ ‘ಶಿಲ್ಡ್’ ಅಂದರೆ ಫಲಕ. ಫಲಕ ಎಲ್ಲಿ ಹೋಯಿತು ಅಂತ ಯಾರೋ ಪಾಪ ಕೇಳಿದ್ದಾರೆ, ಅಷ್ಟೇ. ನಿಮ್ಮವರಿಗೆ ಹೇಳಿ, ಶೀಲ್ಡ್ ಸದ್ಯಕ್ಕಿಲ್ಲ.

ನಾನು ಸ್ಟಟ್‌ಗಾರ್ಟ್‌ಗೆ ಬಂದು ಹತ್ತೊಂಬತ್ತು ವರ್ಷ. ಕಂಪನಿಗಳು ಕರೆಸಿಕೊಳ್ಳುವ ಕುಟುಂಬಗಳಿಗೆ ಮನೆ, ನೋಂದಣಿ, ಶಾಲೆ ನೋಡಿಕೊಡುವುದೇ ನನ್ನ ಕೆಲಸ. ಅಲಾರಂ, ಡ್ರಿಲ್, ಕೆಂಪು ಚೀಟಿ, ಟೀವಿ ಫೀ ಇವೆಲ್ಲ ಬಂದವರಿಗೆಲ್ಲ ಆಗುವಂಥದ್ದು. ಒಂದು ವರ್ಷ ಬಿಟ್ಟು ಊರಿಗೆ ಹೋದಾಗ ನೀವೇ ಇದನ್ನು ಹೇಳಿ ನಗಿಸುತ್ತೀರಿ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಒಂದೇ ಒಂದು ಸಾಲು, ಆ ಬಾಗಿಲ ಕಿಂಡಿಯದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಭಯದ ಪ್ರಶ್ನೆ. ಮನೆ ಖಾಲಿ ಮಾಡಿಸುತ್ತಾರಾ? ಈ ಎರಡು ಚೀಟಿಗೆ ಖಂಡಿತ ಇಲ್ಲ. ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟಿನ ಲೆಕ್ಕ ಮನಸ್ಸಿನಿಂದ ತೆಗೆದುಬಿಡಿ. ಇಲ್ಲಿ ಬಾಡಿಗೆ ಕರಾರು ಸಾಮಾನ್ಯವಾಗಿ ಅವಧಿ ಇಲ್ಲದ್ದು. ಓನರ್ ಬಿಡಿಸಬೇಕಾದರೆ ಕಾನೂನು ಒಪ್ಪುವ ಕಾರಣ ಬೇಕು. ಬಾಡಿಗೆದಾರರ ನಡವಳಿಕೆ ಸರಿಯಿಲ್ಲ ಅನ್ನುವುದಾದರೆ ಸಾಮಾನ್ಯವಾಗಿ ಮೊದಲು ಒಂದು ಎಚ್ಚರಿಕೆ ಪತ್ರ ಕಳಿಸುತ್ತಾರೆ. ಅದರ ಮೇಲೂ ಅದೇ ತಪ್ಪು ನಡೆದರೆ ಮಾತ್ರ ಮುಂದಿನ ಮಾತು. ಬಾಗಿಲಿಗೆ ಅಂಟಿಸಿದ ಚೀಟಿ ಆ ಎಚ್ಚರಿಕೆ ಪತ್ರವಲ್ಲ, ಅಂಟಿಸಿದವರಿಗೆ ಆ ಅಧಿಕಾರವೂ ಇಲ್ಲ. ಮುಂದೆಂದಾದರೂ ಓನರ್ ಕಡೆಯಿಂದ ‘ಆಬ್‌ಮಾನುಂಗ್’ ಅನ್ನುವ ತಲೆಬರಹದ ಪತ್ರ ಬಂದರೆ ಮಾತ್ರ ಅದನ್ನು ಡ್ರಾಯರ್‌ಗೆ ಹಾಕಬೇಡಿ. ನಿಮ್ಮ ಊರಿನ ಬಾಡಿಗೆದಾರರ ಸಂಘಕ್ಕೆ ಸದಸ್ಯರಾಗಿ ತೋರಿಸಿ. ‘ಮೀಟರ್‌ಫೆರೈನ್’ ಅಂತ ಕೇಳಿದರೆ ಯಾರಾದರೂ ತೋರಿಸುತ್ತಾರೆ. ವರ್ಷದ ಚಂದಾ ಕಟ್ಟಿದರೆ ಸಲಹೆ ಸಿಗುತ್ತದೆ.

ಇನ್ನು ಭಾನುವಾರ. ಇಲ್ಲಿ ಸುಮ್ನೆ ಹಬ್ಬಿರುವ ಮಾತುಗಳು ಜಾಸ್ತಿ. ಭಾನುವಾರ ವಾಷಿಂಗ್ ಮಷಿನ್ ಹಾಕಿದರೆ ಪೊಲೀಸ್ ಬರುತ್ತಾರೆ, ರಾತ್ರಿ ಹತ್ತರ ಮೇಲೆ ಸ್ನಾನ ಮಾಡಬಾರದು, ಕುಕ್ಕರ್ ಕೂಗಿಸಬಾರದು ಅಂತೆಲ್ಲ. ವಾಷಿಂಗ್ ಮಷಿನ್ ಬೇಡ ಅನ್ನುವ ದೇಶವ್ಯಾಪಿ ಕಾನೂನು ಇಲ್ಲ. ಸದ್ದು ನಿಮ್ಮ ಗೋಡೆಯೊಳಗೇ ಇರಬೇಕು ಅನ್ನುವುದು ಮೂಲ ನಿಯಮ. ಅದರ ಮೇಲೆ ನಿಮ್ಮ ಕಟ್ಟಡದ ಮನೆ ನಿಯಮ, ಅಂದರೆ ‘ಹೌಸ್‌ಓರ್ಡ್‌ನುಂಗ್’, ಏನು ಹೇಳುತ್ತದೆ ನೋಡಿ. ಬಾಡಿಗೆ ಕರಾರಿನ ಹಿಂದೆ ಲಗತ್ತಿಸಿರುತ್ತಾರೆ. ಯಾರೂ ಓದುವುದಿಲ್ಲ, ನಾನೂ ಮೊದಲ ವರ್ಷ ಓದಿರಲಿಲ್ಲ. ಕುಕ್ಕರ್ ಎಷ್ಟು ಬೇಕಾದರೂ ಕೂಗಿಸಿ. ಆದರೆ ಭಾನುವಾರ ಡ್ರಿಲ್ ಹಿಡಿಯುವುದು ಮಾತ್ರ ನಿಜಕ್ಕೂ ತಪ್ಪು. ಚೀಟಿ ಬರೆದವರ ಕಡೆ ನ್ಯಾಯ ಇದೆ.

ಇಲ್ಲಿ ಭಾನುವಾರ ಅಂದರೆ ಬರೀ ರಜೆಯಲ್ಲ. 1919ರ ವೈಮಾರ್ ಸಂವಿಧಾನದಲ್ಲೇ ಭಾನುವಾರದ ವಿಶ್ರಾಂತಿಗೆ ರಕ್ಷಣೆ ಇತ್ತು. 1949ರಲ್ಲಿ ಹೊಸ ಸಂವಿಧಾನ ಬರೆದಾಗ ಆ ಕಲಮನ್ನು ಹಾಗೇ ಉಳಿಸಿಕೊಂಡರು. ಅಂಗಡಿ ಮುಚ್ಚುವುದೂ ಅದಕ್ಕೇ. ವಸತಿ ಪ್ರದೇಶದಲ್ಲಿ ಭಾನುವಾರ ಹುಲ್ಲು ಕತ್ತರಿಸುವ ಮಷಿನ್ ಓಡಿಸುವ ಹಾಗೇ ಇಲ್ಲ. ನಮಗೆ ಭಾನುವಾರ ಅಂದರೆ ಬಾಕಿ ಕೆಲಸ ಮುಗಿಸುವ ದಿನ. ಮೊಳೆ ಹೊಡೆಯುವುದು, ಫ್ಯಾನ್ ಒರೆಸುವುದು, ಹಿಟ್ಟು ರುಬ್ಬುವುದು ಎಲ್ಲ ಅವತ್ತೇ. ಅವರಿಗೆ ಅದೇ ದಿನ ಯಾರೂ ಏನೂ ಮಾಡದ ದಿನ. ನನ್ನ ಮೊದಲ ಚಳಿಗಾಲದಲ್ಲಿ ಒಂದು ಭಾನುವಾರ ಸಂಜೆ ಖಾಲಿ ಬಾಟಲಿಗಳನ್ನು ಬೀದಿಯ ಗಾಜಿನ ಡಬ್ಬಿಗೆ ಹಾಕಲು ಹೋಗಿದ್ದೆ. ಎರಡನೇ ಬಾಟಲಿ ಒಳಗೆ ಬಿದ್ದು ಒಡೆಯುತ್ತಿದ್ದಂತೆ ಎದುರು ಮನೆಯ ಅಜ್ಜ ಚಪ್ಪಲಿಯಲ್ಲೇ ಇಳಿದು ಬಂದರು. ಬೈಯ್ಯುತ್ತಾರೆ ಅಂದುಕೊಂಡೆ. ಬೈದರು. ಬೈದು ಮುಗಿಸಿದ ಮೇಲೆ ನನ್ನ ಕೈಯಲ್ಲಿದ್ದ ನೀಲಿ ಬಾಟಲಿ ನೋಡಿ, ಅದನ್ನು ಹಸಿರು ಗಾಜಿನ ಡಬ್ಬಿಗೆ ಹಾಕಬೇಕು ಅಂತ ಹೇಳಿಕೊಟ್ಟು, ಶುಭ ಸಂಜೆ ಹೇಳಿ ಹೋದರು. ಮಾರನೇ ದಿನದಿಂದ ಸಿಕ್ಕಾಗೆಲ್ಲ ನಮಸ್ಕಾರ. ಬೈಗುಳ ಮತ್ತು ಸಿಟ್ಟು ಬೇರೆ ಬೇರೆ ಅಂತ ನನಗೆ ಗೊತ್ತಾದದ್ದು ಅವತ್ತು.

ಹೊಗೆ ಅಲಾರಂ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಡುಗೆ ದಿನಾ ಆಗಬೇಕಲ್ಲ. ಇಲ್ಲಿ ಮಲಗುವ ಕೋಣೆ, ಮಕ್ಕಳ ಕೋಣೆ ಮತ್ತು ಹೊರಗೆ ಓಡಲು ದಾರಿಯಾಗುವ ಕಾರಿಡಾರ್‌ನಲ್ಲಿ ಅಲಾರಂ ಕಡ್ಡಾಯ. ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮಲ್ಲಿ ಕೂಗಿದ್ದು ಬಹುಶಃ ಕಾರಿಡಾರಿನದ್ದು. ಒಲೆಯ ಮೇಲಿನ ಚಿಮ್ನಿ ಇದ್ದೂ ಹೊಗೆ ಹೇಗೆ ಬಂತು ಅಂತ ನಿಮಗೆ ಅನ್ನಿಸಿರಬಹುದು. ಬಾಡಿಗೆ ಮನೆಗಳ ಚಿಮ್ನಿ ಎಷ್ಟೋ ಸಲ ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ. ಇದ್ದಿಲಿನ ಫಿಲ್ಟರ್‌ನಲ್ಲಿ ಹಾಯಿಸಿ ಮತ್ತೆ ಅದೇ ಅಡುಗೆಮನೆಗೆ ಬಿಡುತ್ತದೆ. ಆಲೂಗಡ್ಡೆ ಬೇಯಿಸುವವರಿಗೆ ಅಷ್ಟು ಸಾಕು. ಬ್ಯಾಡಗಿ ಮೆಣಸಿನಕಾಯಿ ಘಾಟಿಗೆ ಅದು ಯಾವ ಲೆಕ್ಕ? ಹಿಂದಿನ ಬಾಡಿಗೆದಾರರು ಫಿಲ್ಟರ್ ಬದಲಿಸಿರುವುದೂ ಅನುಮಾನ. ಹೊಸದು ಹಾಕಿಸಿ. ಒಗ್ಗರಣೆ ಹಾಕುವ ಮುಂಚೆ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ಪೂರ್ತಿ ತೆಗೆಯಿರಿ. ಎಣ್ಣೆ ಹೊಗೆಯಾಡುವಷ್ಟು ಕಾಯಿಸದೆ, ಸಾಸಿವೆ ಸಿಡಿದ ಮೇಲೆ ಉರಿ ತಗ್ಗಿಸಿ ಮೆಣಸಿನಕಾಯಿ ಹಾಕಿ. ಅಲಾರಂನ ಬ್ಯಾಟರಿ ಕಿತ್ತಿಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಅದು ನಿಮ್ಮ ಜೀವದ ಪ್ರಶ್ನೆ, ಕರಾರಿನ ಪ್ರಶ್ನೆಯೂ ಹೌದು.

ನೀವು ಅವತ್ತು ಮಾಡಿದ ಒಂದೇ ತಪ್ಪು ಮನೆ ಬಾಗಿಲು ತೆಗೆದದ್ದು. ಒಗ್ಗರಣೆ ವಾಸನೆಗೆ ಯಾರೂ ಅಡ್ಡಿ ಮಾಡುವಂತಿಲ್ಲ, ಅಡುಗೆ ಮಾಡುವುದು ಮನೆ ಬಾಡಿಗೆಗೆ ಪಡೆದವರ ಹಕ್ಕು. ಆದರೆ ಹೊಗೆಯನ್ನು ಕಿಟಕಿಯಿಂದ ಬಿಡಬೇಕು, ಮೆಟ್ಟಿಲ ಕಡೆಗಲ್ಲ. ಹಾಗೇ ಚಪ್ಪಲಿ ಸ್ಟ್ಯಾಂಡ್ ಬಾಗಿಲ ಹೊರಗಿದ್ದರೆ ಒಳಗೆ ತನ್ನಿ. ಬೆಂಕಿ ಬಿದ್ದರೆ ಓಡುವ ದಾರಿ ಅದು.

ಕೆಂಪು ಚೀಟಿಯ ಕಾರಣ ನಾನು ಊಹಿಸಬಲ್ಲೆ. ಸಿಪ್ಪೆ, ಕರಿಬೇವಿನ ಕಡ್ಡಿ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಹಾಕಿದ್ದೀರಿ, ಅಲ್ವಾ? ಹಸಿ ಕಸಕ್ಕೆ ಪ್ಲಾಸ್ಟಿಕ್ ಬೇಡ. ಹಳೇ ಪೇಪರ್‌ನಲ್ಲಿ ಸುತ್ತಿ ಹಾಕಿ. ಉಳಿದ ಡಬ್ಬಿಗಳ ಬಣ್ಣ, ಒಯ್ಯುವ ದಿನ ಊರಿಂದ ಊರಿಗೆ ಬದಲಾಗುತ್ತದೆ. ನಗರಸಭೆಯ ಕಸದ ಕ್ಯಾಲೆಂಡರ್ ತಂದು ಫ್ರಿಜ್ಜಿಗೆ ಅಂಟಿಸಿ. ಖಾಲಿ ನೀರಿನ ಬಾಟಲಿ, ಕ್ಯಾನ್ ಮಾತ್ರ ಕಸಕ್ಕೆ ಎಸೆಯಬೇಡಿ. ಒಂದು ಸಲ ಬಳಸುವ ಬಾಟಲಿಗೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಮಷಿನ್‌ಗೆ ಹಾಕಿದರೆ ರಸೀದಿ ಕೊಡುತ್ತದೆ. ನಾಲ್ಕು ತಿಂಗಳಿಂದ ಎಸೆದಿದ್ದರೆ ಲೆಕ್ಕ ಹಾಕಲು ಹೋಗಬೇಡಿ, ಹೊಟ್ಟೆ ಉರಿಯುತ್ತದೆ.

ಟೀವಿ ಫೀ ಮೋಸವಲ್ಲ. ನೀವು ವಿಳಾಸ ನೋಂದಾಯಿಸಿದ ಮೇಲೆ ಆ ವಿವರ ಫೀ ವಸೂಲಿ ಮಾಡುವವರಿಗೆ ಹೋಗುತ್ತದೆ, ಹಿಂದೆಯೇ ಪತ್ರ ಬರುತ್ತದೆ. ಟೀವಿ ಇದೆಯಾ ಇಲ್ಲವಾ ಅನ್ನುವುದು ಲೆಕ್ಕಕ್ಕಿಲ್ಲ. ಒಂದು ಮನೆಗೆ ಒಂದು ಫೀ. 2021ರ ಆಗಸ್ಟ್‌ನಲ್ಲಿ ತಿಂಗಳಿಗೆ 18.36 ಯೂರೋ ಮಾಡಿದರು. ಗಂಡ ಹೆಂಡತಿ ಇಬ್ಬರ ಹೆಸರಿಗೂ ಬೇರೆ ಬೇರೆ ಪತ್ರ ಬಂದರೆ, ಒಬ್ಬರು ಕಟ್ಟುತ್ತಿದ್ದೇವೆ ಅಂತ ಇನ್ನೊಬ್ಬರ ಪತ್ರಕ್ಕೆ ಉತ್ತರ ಬರೆದರೆ ಸಾಕು. ಸುಮ್ಮನಿದ್ದರೆ ದಂಡ ಸೇರುತ್ತಾ ಹೋಗುತ್ತದೆ. ಅಂದ ಹಾಗೆ, ನಿಮ್ಮಿಬ್ಬರ ಸರ್‌ನೇಮ್ ಬೇರೆಯಾಗಿದ್ದರೆ ಅಂಚೆ ಡಬ್ಬಿಯ ಮೇಲೆ ಎರಡೂ ಇರಲಿ. ಇಲ್ಲಿ ಫ್ಲ್ಯಾಟಿಗೆ ಸಾಮಾನ್ಯವಾಗಿ ನಂಬರ್ ಇರುವುದಿಲ್ಲ, ಅಂಚೆಯವರು ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ನಿಮ್ಮ ಬ್ಯಾಂಕ್ ಕಾರ್ಡ್ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್.

ನೀವು ಕೇಳದಿದ್ದರೂ ಒಂದು ಎಚ್ಚರಿಕೆ. ಈಗ ಹೀಟರ್ ಶುರುವಾಗಿದೆ. ಇಡ್ಲಿ ಬೇಯಿಸಿದ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲ ಹೋಗಿ ತಣ್ಣನೆಯ ಗೋಡೆ ಮೂಲೆಯಲ್ಲಿ ಕೂತು ಬೂಷ್ಟು ಬೆಳೆಯುತ್ತದೆ. ಕಿಟಕಿಯನ್ನು ಇಡೀ ದಿನ ಓರೆಯಾಗಿ ತೆಗೆದಿಟ್ಟರೆ ಗೋಡೆ ಇನ್ನೂ ತಣ್ಣಗಾಗುತ್ತದೆ, ಉಪಯೋಗವಿಲ್ಲ. ದಿನಕ್ಕೆ ಮೂರು ಸಲ ಹೀಟರ್ ಆರಿಸಿ, ಕಿಟಕಿ ಪೂರ್ತಿ ತೆಗೆದು, ಐದು ಹತ್ತು ನಿಮಿಷ ಬಿಟ್ಟು ಮುಚ್ಚಿ. ಚಳಿ ಅಂತ ನಿಮ್ಮವರು ಗೊಣಗಿದರೂ ಬಿಡಬೇಡಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿಲ್ಲ. ಠೇವಣಿ ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆ. ಬೂಷ್ಟು ಹಿಡಿಸಿಬಿಟ್ಟರೆ ಮನೆ ಬಿಡುವಾಗ ಆ ದುಡ್ಡಿನ ಮೇಲೆ ಜಗಳ ಗ್ಯಾರಂಟಿ.

ಈಗ ಆ ಕಿಂಡಿಯ ವಿಷಯ.

ನೆರೆಯವರಿಗೆ ನಾವು ಬೇಡವಾ ಅಂತ ಕೇಳಿದ್ದೀರಿ. ನಾಲ್ಕು ತಿಂಗಳಲ್ಲಿ ಒಬ್ಬರೂ ಬಂದು ಮಾತಾಡಿಸಿಲ್ಲ, ಚೀಟಿ ಮಾತ್ರ ಅಂಟಿಸುತ್ತಾರೆ ಅನ್ನುವ ನೋವು ಅದರ ಹಿಂದಿದೆ. ದಾವಣಗೆರೆಯಲ್ಲಿ ಹೊಸಬರು ಬಂದರೆ ಸಾಮಾನು ಇಳಿಸುವಾಗಲೇ ಪಕ್ಕದ ಮನೆಯವರು ನೀರು ಹಿಡಿದು ಬರುತ್ತಾರೆ. ಯಾವೂರು, ಏನು ಕೆಲಸ, ಮಕ್ಕಳೆಷ್ಟು, ಬಾಡಿಗೆ ಎಷ್ಟು ಎಲ್ಲ ಕೇಳಿಯೇ ಹೋಗುತ್ತಾರೆ. ಹೊಸಬರು ಸುಮ್ಮನಿದ್ದರೆ ಸಾಕು. ಇಲ್ಲಿ ಉಲ್ಟಾ. ಹೊಸದಾಗಿ ಬಂದವರೇ ಪ್ರತಿ ಮನೆಯ ಬೆಲ್ ಒತ್ತಿ, ನಾವು ಇಂಥವರು, ಮೂರನೇ ಮಹಡಿಗೆ ಬಂದಿದ್ದೇವೆ ಅಂತ ಪರಿಚಯ ಹೇಳಿಕೊಳ್ಳಬೇಕು. ಹಳಬರು ತಾವಾಗಿ ಬಂದರೆ ನಿಮ್ಮ ಮನೆ ವಿಷಯಕ್ಕೆ ತಲೆ ಹಾಕಿದ ಹಾಗೆ ಆಗುತ್ತದೆ ಅಂತ ಅವರ ಸಂಕೋಚ. ಹಾಗಾಗಿ ಜೂನ್‌ನಿಂದ ನೀವು ಒಳಗೆ ಕಾಯುತ್ತಿದ್ದೀರಿ, ಅವರು ಹೊರಗೆ ಕಾಯುತ್ತಿದ್ದಾರೆ. ನಿಮಗೆ ಅವರು ಬಿಂಕದವರು. ಅವರ ಮಟ್ಟಿಗೆ ನೀವು ಪರಿಚಯವನ್ನೇ ಹೇಳದ ಜನ, ಸಾಲದ್ದಕ್ಕೆ ಫಲಕ ಮಾಯ ಮಾಡಿದವರು!

ಚೀಟಿಯೂ ಹಾಗೆಯೇ. ಮುಖಕ್ಕೆ ಮುಖ ಕೊಟ್ಟು ಹೇಳಿದರೆ ನಿಮಗೆ ಮುಜುಗರ ಅಂತ ಕಾಗದಕ್ಕೆ ಹಾಕುತ್ತಾರೆ. ಮೇಲೆ ‘ಪ್ರೀತಿಯ’ ಅಂತ ಬರೆದದ್ದು ವ್ಯಂಗ್ಯವಲ್ಲ. ನಾವು ‘ಪ್ರಿಯ’ ಅಂತ ಶುರು ಮಾಡುವುದಿಲ್ಲವಾ, ಅಷ್ಟೇ ಅದು.

ಜನಾಂಗ ದ್ವೇಷ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಇದೆ, ನೋಡಿದ್ದೇನೆ. ಎಲ್ಲರೂ ಮಾಡುವ ಸದ್ದಿಗೆ ನಿಮಗೊಬ್ಬರಿಗೇ ಚೀಟಿ ಬರುತ್ತಿದ್ದರೆ, ಅದರಲ್ಲಿ ನಿಮ್ಮ ಬಣ್ಣ, ದೇಶದ ಮಾತು ಬಂದರೆ, ತಪ್ಪು ತಿದ್ದಿಕೊಂಡ ಮೇಲೂ ನಿಲ್ಲದಿದ್ದರೆ ಅದು ಬೇರೆ. ಆಗ ಚೀಟಿಗಳ ಫೋಟೋ, ತಾರೀಕು ಇಟ್ಟುಕೊಳ್ಳಿ. ಓನರ್‌ಗೆ ಬರೆದು ತಿಳಿಸಿ, ಬಾಡಿಗೆದಾರರ ಸಂಘಕ್ಕೂ ಹೇಳಿ. ತಾರತಮ್ಯದ ದೂರಿಗೆ ಸಲಹೆ ಕೊಡುವ ಕೇಂದ್ರ ಸರ್ಕಾರದ ಕಚೇರಿ 2006ರಿಂದ ಇದೆ. ನೀವು ಹೇಳಿದ ಎರಡು ಚೀಟಿಯಲ್ಲಿ ಅಂಥದ್ದೇನೂ ನನಗೆ ಕಾಣುವುದಿಲ್ಲ.

ಮನೆ ಬದಲಾಯಿಸುವುದು ನಿಮ್ಮಿಷ್ಟ. ಆದರೆ ಖರ್ಚು ಗೊತ್ತಿರಲಿ. ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಡಬೇಕು, ಅದೂ ಸಹಿ ಹಾಕಿದ ಕಾಗದದಲ್ಲಿ. ಇಮೇಲ್ ನಡೆಯುವುದಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ತಲುಪದಿದ್ದರೆ ಇನ್ನೊಂದು ತಿಂಗಳು ಸೇರುತ್ತದೆ. ಸ್ಟಟ್‌ಗಾರ್ಟ್ ಸುತ್ತ ಮನೆ ಸಿಗುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ನಮ್ಮವರ ನಡುವೆ ಇದ್ದರೆ ಬೇಸರ ಕಡಿಮೆ, ನಿಜ. ಆದರೆ ಹಾಗೆ ಹೋದ ಕಟ್ಟಡಕ್ಕೂ ಗುಡಿಸುವ ಸರದಿ ಇರಬಹುದು.

ನನ್ನ ಸಲಹೆ ಇಷ್ಟು. ಈ ಶನಿವಾರ ಮಧ್ಯಾಹ್ನ ಮೂರೂವರೆ, ನಾಲ್ಕರ ಹೊತ್ತಿಗೆ ಇಬ್ಬರೂ ಒಟ್ಟಿಗೆ ಕಟ್ಟಡದ ಮನೆಗಳಿಗೆ ಹೋಗಿ. ಇಬ್ಬರೂ ಅನ್ನುವುದು ಮುಖ್ಯ. ನಿಮ್ಮವರು ಬೆಳಗ್ಗೆ ಆಫೀಸಿಗೆ ಹೋಗಿಬಿಡುತ್ತಾರೆ, ಅಲ್ಲಿ ಇಂಗ್ಲಿಷ್ ನಡೆಯುತ್ತದೆ. ಮೆಟ್ಟಿಲು, ಕಸ, ಚೀಟಿ ಎಲ್ಲ ನಿಮ್ಮೊಬ್ಬರ ಪಾಲು. ಅದಕ್ಕೇ ಅವರಿಗೆ ತಮಾಷೆಯಾದದ್ದು ನಿಮಗೆ ಭಯ. ಹೋಗುವ ಮುಂಚೆ ಮೆಟ್ಟಿಲು ಗುಡಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿಬಿಡಿ, ಪೊರಕೆ ಅವರ ಕೈಯಲ್ಲಿರಲಿ. ಅಂಗಳಕ್ಕೆ ಹಾಕಿದ ಹಾಗೆ ಬಕೆಟ್ ನೀರು ಸುರಿಯಬೇಡಿ, ಕೆಳಗಿನ ಮನೆಯವರು ಮೂರನೇ ಚೀಟಿ ಬರೆಯುತ್ತಾರೆ. ಕೈಯಲ್ಲಿ ನಾಲ್ಕೈದು ಕೊಬ್ಬರಿ ಮಿಠಾಯಿ ಸಾಕು. ಡಬ್ಬಿ ತುಂಬ ಒಯ್ದರೆ ನೆರೆಯವರು ಗಾಬರಿಯಾಗುತ್ತಾರೆ. ಹಾಲು, ಗೋಡಂಬಿ ಇದ್ದರೆ ಹೇಳಿ, ಅಲರ್ಜಿ ಇರಬಹುದು.

ಒಳಗೆ ಕರೆಯದೆ ಬಾಗಿಲಲ್ಲೇ ಎರಡು ನಿಮಿಷ ಮಾತಾಡಿ ಕಳಿಸಬಹುದು. ಅವಮಾನ ಅಂದುಕೊಳ್ಳಬೇಡಿ. ತಟ್ಟೆ ಖಾಲಿಯಾಗಿ ವಾಪಸ್ ಬರಬಹುದು. ಖಾಲಿ ತಟ್ಟೆ ಕೊಡಬಾರದು ಅನ್ನುವುದು ನಮ್ಮ ಶಾಸ್ತ್ರ, ತೊಳೆಯದೆ ಕೊಡಬಾರದು ಅನ್ನುವುದು ಅವರದ್ದು. ಭಾಷೆ ಬರದಿದ್ದರೆ ಫೋನ್ ಹಿಡಿಯಿರಿ, ಪರವಾಗಿಲ್ಲ. ‘ನೀವು’ ಅನ್ನುವ ರೂಪದಲ್ಲೇ ಮಾತಾಡಿ. ಕನ್ನಡದ ನೀನು, ನೀವು ಇದ್ದಂತೆ ಅವರಿಗೂ ‘ಡು’, ‘ಝೀ’ ಇದೆ. ಇಂಗ್ಲಿಷಿನವರಿಗಿಂತ ನಮಗೆ ಇದು ಸುಲಭ.

ಯಾವ ಭಾಷೆ ನಿಮ್ಮದು ಅಂತ ಕೇಳಿದರೆ ನಿಮ್ಮ ಹತ್ತಿರ ಒಳ್ಳೆಯ ಉತ್ತರ ಇದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಇದೇ ಸೀಮೆಯ ಬ್ರಾಕನ್‌ಹೈಮ್‌ನಲ್ಲಿ. ಕನ್ನಡ ನಿಘಂಟು ಮಾಡಿದ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದು ಪಕ್ಕದ ಟ್ಯೂಬಿಂಗನ್‌ನಲ್ಲಿ. ನಿಮ್ಮ ಊರಿನವರು ನಮ್ಮ ಭಾಷೆ ಕಲಿತವರು ಅಂತ ಹೇಳಿ ನೋಡಿ. ಶ್ವಾಬಿಯಾದವರಿಗೆ ತಮ್ಮ ಸೀಮೆಯ ಮೇಲೆ ವಿಪರೀತ ಅಭಿಮಾನ.

ಇನ್ನು ಎರಡು ಸಣ್ಣ ಮಾತು. ಚಳಿಗಾಲದಲ್ಲಿ ಸರದಿ ನಿಮ್ಮದಾಗಿದ್ದಾಗ ಹಿಮ ಬಿದ್ದರೆ ಮನೆ ಮುಂದಿನ ಕಾಲುದಾರಿ ಯಾರು ತೆರವು ಮಾಡಬೇಕು ಅಂತ ಈಗಲೇ ಕೇಳಿಟ್ಟುಕೊಳ್ಳಿ. ಕೆಲಸದ ದಿನ ಸಾಮಾನ್ಯವಾಗಿ ಬೆಳಗ್ಗೆ ಏಳರೊಳಗೆ ಮುಗಿಸಬೇಕು. ಯಾರಾದರೂ ಜಾರಿ ಬಿದ್ದರೆ ಹೊಣೆ ನಿಮ್ಮ ಮೇಲೆ ಬರಬಹುದು, ಆದ್ದರಿಂದ ಹೊಣೆಗಾರಿಕೆ ವಿಮೆ ಇಲ್ಲದಿದ್ದರೆ ಮಾಡಿಸಿ. ನಿಮ್ಮವರದು ಬ್ಲೂ ಕಾರ್ಡ್, ಅಂದರೆ ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಆಗಿದ್ದರೆ ನೀವೂ ಕೆಲಸ ಮಾಡಬಹುದು. ಕೆಲಸ ಸಿಗುವವರೆಗೆ ಊರಿನ ಫೋಕ್ಸ್‌ಹೋಖ್‌ಶೂಲೆಯಲ್ಲಿ, ಅಂದರೆ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ, ಜರ್ಮನ್ ತರಗತಿಗೆ ಸೇರಿ. ಮನೆಯಿಂದ ಹೊರಗೆ ಹೋಗಲು ಒಂದು ಕಾರಣವಾದರೂ ಸಿಗುತ್ತದೆ.

ಹಾಂ, ಫಲಕ ಕೊಡುವ ಮುಂಚೆ ಕುಂಕುಮ ಒರೆಸಿ. ಅರಿಶಿನ ಮರಕ್ಕೆ ಇಳಿದಿದ್ದರೆ ಹೋಗುವುದಿಲ್ಲ. ಉಜ್ಜಿ ಬಣ್ಣ ಕೆಡಿಸಬೇಡಿ, ಹಾಗೇ ಕೊಟ್ಟು ಯಾಕೆ ಹಚ್ಚಿದಿರಿ ಅಂತ ಹೇಳಿ.